ಭೂಮಿ ಬಿಟ್ಟುಹೋದ ಜಾಗ

ಮೊಟ್ಟಮೊದಲು ಕಾಲ ದಾಟಿಸಿದ್ದು ಒಂದು ಹಿತ್ತಾಳೆ ತಂಬಿಗೆಯನ್ನು. ತುಂಗಭದ್ರೆಯ ಈಚೆ, ಎರೆಹೊಲಗಳ ನಡುವೆ ಕಟ್ಟಿದ ಕೇಂದ್ರದಲ್ಲಿ ಅದನ್ನೊಂದು ಮೇಜಿನ ಮೇಲಿಟ್ಟು ಒಂದು ತಾಸು ಮುಂದಕ್ಕೆ ಕಳಿಸಿದರು. ತಂಬಿಗೆ ಮಾಯವಾಯಿತು. ಓದಿದವರೆಲ್ಲ ಮೇಜಿನ ಸುತ್ತ ಕುರ್ಚಿ ಹಾಕಿಕೊಂಡು, ಬೀಗರ ಬಂಡಿಯ ದಾರಿ ಕಾಯುವವರ ಹಾಗೆ ಕೂತರು. ತಾಸು ಕಳೆಯಿತು, ಹೊತ್ತು ಮುಳುಗಿತು, ಚಹಾ ಆರಿ ಕೆನೆಗಟ್ಟಿತು. ತಂಬಿಗೆ ಬರಲಿಲ್ಲ.

ಅದು ಬಂದಿತ್ತು. ಹೇಳಿದ ಹೊತ್ತಿಗೆ, ಹೇಳಿದ ಜಾಗಕ್ಕೆ ಸರಿಯಾಗಿಯೇ ಬಂದಿತ್ತು. ಆ ಜಾಗದಲ್ಲಿ ಭೂಮಿ ಇರಲಿಲ್ಲ, ಅಷ್ಟೆ.

ಭೂಮಿ ಓಡುತ್ತದೆಂದು ಅವರಿಗೆ ತಿಳಿಯದೆ ಇರಲಿಲ್ಲ. ಓಡುವ ಬಸ್ಸಿನೊಳಗೆ ಹಾರಾಡುವ ನೊಣ ಬಸ್ಸಿನ ಜೊತೆಗೇ ಊರು ಸೇರುವುದಿಲ್ಲವೇ, ಹಾಗೆಯೇ ತಂಬಿಗೆಯೂ ಬರುತ್ತದೆ ಅಂದುಕೊಂಡಿದ್ದರು. ಆದರೆ ಕಾಲ ದಾಟುವ ಸಾಮಾನು ಆ ಹೊತ್ತಿನಲ್ಲಿ ಬಸ್ಸಿನಲ್ಲೇ ಇರುವುದಿಲ್ಲ. ಇಳಿದುಬಿಟ್ಟಿರುತ್ತದೆ. ತಾಸಿನ ಮೇಲೆ ಹತ್ತೋಣವೆಂದು ಕೈ ಚಾಚಿದರೆ ಬಸ್ಸು ಲಕ್ಷ ಕಿಲೋಮೀಟರು ಮುಂದೆ ಹೋಗಿರುತ್ತದೆ.

ಇಳಿದದ್ದು ಎಲ್ಲಿ ನಿಲ್ಲುತ್ತದೆ ಎಂಬುದು ಅದಕ್ಕಿಂತ ತೊಡಕಿನ ಮಾತು. ಭೂಮಿ ಸೂರ್ಯನ ಸುತ್ತ ಓಡುತ್ತದೆ, ಸೂರ್ಯ ಇನ್ನೆತ್ತಲೋ ಓಡುತ್ತಾನೆ. ಎಲ್ಲವೂ ಓಡುತ್ತಿರುವಾಗ ‘ಅದೇ ಜಾಗ’ ಅಂದರೆ ಯಾವುದರ ಲೆಕ್ಕಕ್ಕೆ ಅದೇ ಜಾಗ? ಬಹಳ ತಂಬಿಗೆ, ಬಹಳ ಕುರಿ ಕಳೆದುಕೊಂಡ ಮೇಲೆ ಕೇಂದ್ರದವರಿಗೆ ಒಂದು ತಿಳಿಯಿತು. ಹಟ್ಟಿಯಿಂದ ಬಿಚ್ಚಿದ ದನ ಹತ್ತಿರದ ದೊಡ್ಡ ಗೂಟಕ್ಕೆ ಸಿಕ್ಕಿಕೊಳ್ಳುವ ಹಾಗೆ, ಕಾಲ ದಾಟುವ ವಸ್ತು ಸೂರ್ಯನಿಗೆ ಕಟ್ಟಿಕೊಳ್ಳುತ್ತದೆ. ಸೂರ್ಯ ಎತ್ತ ಹೋದರೂ ಆ ಜಾಗ ಅವನ ಜೊತೆಗೇ ಹೋಗುತ್ತದೆ. ಭೂಮಿ ಸುತ್ತು ಹಾಕಿ ಅಲ್ಲಿಗೆ ಮರಳಿದ ದಿನ ವಸ್ತು ಹೊರಬಂದರೆ ಅದರ ಅಡಿಯಲ್ಲಿ ನೆಲವಿರುತ್ತದೆ.

ಹಾಗಾದರೆ ವರ್ಷಕ್ಕೊಮ್ಮೆ ದಾಟಿಸಬಹುದಲ್ಲ ಅಂದರೆ ಅದೂ ಆಗದು. ಚಂದ್ರನ ಕಾಟ ಒಂದಿದೆ. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸು ನೆಟ್ಟಗೆ ನಡೆಯಲಾರಳು, ಕೂಸು ಈ ಕಡೆಯಾದರೆ ಮೈ ಆ ಕಡೆ ವಾಲುತ್ತದೆ. ಭೂಮಿಯೂ ಹಾಗೆಯೇ, ಚಂದ್ರನಿಗೆ ತಕ್ಕಂತೆ ಸಾವಿರಾರು ಕಿಲೋಮೀಟರು ಅತ್ತಿತ್ತ ವಾಲುತ್ತ ನಡೆಯುತ್ತದೆ. ಆದ್ದರಿಂದ ಸೂರ್ಯನ ಲೆಕ್ಕದ ದಿನವೂ ಕೂಡಬೇಕು, ಚಂದ್ರನ ತಿಥಿಯೂ ಕೂಡಬೇಕು. ಎರಡೂ ಒಟ್ಟಿಗೆ ಬರುವುದು ಹತ್ತೊಂಬತ್ತು ವರ್ಷಕ್ಕೊಮ್ಮೆ. ಪಂಚಾಂಗ ನೋಡುವವರಿಗೆ ಇದು ಹೊಸದಲ್ಲ. ಹುಟ್ಟಿದ ತಾರೀಖು, ಹುಟ್ಟಿದ ತಿಥಿ ಒಂದೇ ದಿನ ಬೀಳುವುದು ಆ ವರ್ಷವೇ.

ಹೀಗಾಗಿ ಮನುಷ್ಯರನ್ನು ದಾಟಿಸುವುದಾದರೆ ಹತ್ತೊಂಬತ್ತು ವರ್ಷ, ಕಡಿಮೆಯಿಲ್ಲ ಎಂದು ಕೇಂದ್ರದವರು ಗೆರೆ ಎಳೆದರು. ಊರವರು ಆ ಕೇಂದ್ರಕ್ಕೆ ದಾಟುಗಟ್ಟೆ ಎಂದು ಹೆಸರಿಟ್ಟರು.

ದುರಗಪ್ಪ ಅಂಬಿಗರವನು. ಅವನ ಅಪ್ಪ, ಅಜ್ಜ ಹರಿಗೋಲಿನಲ್ಲಿ ಮಂದಿಯನ್ನೂ ಕುರಿಯನ್ನೂ ಹೊಳೆ ದಾಟಿಸಿದವರು. ಅವನೂ ವಯಸ್ಸಿನಲ್ಲಿ ಅದನ್ನೇ ಮಾಡಿದ. ಸೇತುವೆ ಆದ ಮೇಲೆ ಮೀನಿಗೆ ಬಲೆ ಬೀಸುತ್ತ ಉಳಿದ. ಹೆಂಡತಿ ಹುಲಿಗೆವ್ವ ಮಾತ್ರ ಕಲ್ಲಿಗೆ ಹೊಳಪು ಕೊಡುವ ಕಾರ್ಖಾನೆಗೆ ಕೆಲಸಕ್ಕೆ ಹೋದಳು. ಕೆಲವು ವರ್ಷಗಳಲ್ಲಿ ಕಲ್ಲಿನ ಧೂಳು ಅವಳ ಎದೆಯೊಳಗೆ ಮನೆ ಮಾಡಿತು. ಹೊಳೆಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಕಡೆ ಕೂರುವಳು. ಬಳ್ಳಾರಿಯ ಡಾಕ್ಟರು ಎಕ್ಸ್‌ರೇ ಪಟ ಹಿಡಿದು ತೋರಿಸಿ, ಇದಕ್ಕೆ ಔಷಧ ಹುಡುಕುತ್ತಿದ್ದಾರೆ, ಹತ್ತು ಹದಿನೈದು ವರ್ಷದಲ್ಲಿ ಸಿಕ್ಕೀತು, ಅಲ್ಲಿಯವರೆಗೆ ಈ ಎದೆ ತಡೆಯುವುದಿಲ್ಲ ಎಂದರು. ಅಂಥವರಿಗೆಂದೇ ದಾಟುಗಟ್ಟೆಯ ಬಾಗಿಲು ತೆರೆದಿತ್ತು.

ಅಲ್ಲಿನ ಯಂತ್ರ ನೋಡಿಕೊಳ್ಳುವ ಮೆಹರುನ್ನೀಸಾ ಗಂಗಾವತಿಯ ಹೆಣ್ಣುಮಗಳು. ದೊಡ್ಡ ಓದು ಓದಿಯೂ ನೆಲದ ಮೇಲೆ ಕೂತು ಮಾತಾಡುವಳು. ದಾಟುವುದು ಹೇಗೆಂದು ಗಂಡಹೆಂಡಿರಿಗೆ ಅವಳೇ ಬಿಡಿಸಿ ಹೇಳಿದಳು. ಮನೆಗೆ ಬಂದ ಮೇಲೆ ಹುಲಿಗೆವ್ವ ಇನ್ನೊಮ್ಮೆ ಕೇಳಿದಾಗ ದುರಗಪ್ಪ ತನಗೆ ತಿಳಿದಂತೆ ಹೇಳಿದ. ಹೊಳೆ ತುಂಬಿ ಹರಿಯುವಾಗ ಆಚೆ ದಡದ ಆಲದ ಮರಕ್ಕೆ ಹೋಗಬೇಕಾದರೆ ಎದುರಿಗೇ ಹರಿಗೋಲು ಬಿಡುವುದಿಲ್ಲ. ತಲೆಯ ಮೇಲೆ ಹೊತ್ತು ದಡಗುಂಟ ಮೇಲಕ್ಕೆ ನಡೆದು ಅಲ್ಲಿ ಬಿಡುತ್ತೇವೆ, ಹೊಳೆಯೇ ಮರದ ಬುಡಕ್ಕೆ ತಂದು ನಿಲ್ಲಿಸುತ್ತದೆ. ಇಲ್ಲಿ ದಡವೇ ಹೊಳೆಯ ಹಾಗೆ ಹರಿಯುತ್ತದೆ, ನೀನು ಸುಮ್ಮನೆ ಕೂತಿರಬೇಕು, ದಡ ಬಂದು ನಿನಗೆ ತಾಗುತ್ತದೆ ಎಂದ. ಎಷ್ಟು ಹೊತ್ತು ಕೂತಿರಬೇಕು ಎಂದು ಅವಳು ಕೇಳಿದಳು. ನಿನಗೆ ಹೊತ್ತೇ ಇಲ್ಲವಂತೆ, ರೆಪ್ಪೆ ಮುಚ್ಚಿ ತೆಗೆದಷ್ಟೂ ಇಲ್ಲವಂತೆ ಅಂದ. ಹತ್ತೊಂಬತ್ತು ವರ್ಷ ಯಾರಿಗೆ ಹಾಗಾದರೆ ಎಂದು ಅವಳು ಕೇಳಲಿಲ್ಲ. ಅಡಿಗೆ ಮನೆಗೆ ಹೋಗಿ ಒಲೆಯ ಬೂದಿ ಬಳಿಯುತ್ತ ಕೂತಳು.

ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯ ದಿನ ಬೆಳಿಗ್ಗೆ ಅವಳನ್ನು ದಾಟಿಸಿದರು. ಹೊಲದ ನಡುವೆ ಒಂದು ಕಟ್ಟೆ, ಅದರ ಮೇಲೆ ಮನುಷ್ಯ ಕೂರುವಷ್ಟು ಗುಂಡನೆಯ ಲೋಹದ ಡಬ್ಬಿ. ಅದಕ್ಕೆ ತೊಟ್ಟಿಲು ಅನ್ನುತ್ತಿದ್ದರು. ಹೊರಬರುವಾಗ ನೆಲದೊಳಗೆ ಬಂದರೆ ಕಲ್ಲಿನ ಪಾಲಾಗುವಳೆಂದು, ತುಸು ಮೇಲೆಯೇ ಬರುವಂತೆ ಹದ ಮಾಡಿ, ಮೆಲ್ಲಗೆ ಇಳಿಯಲು ದೊಡ್ಡ ಗಾಳಿಕೊಡೆ ಕಟ್ಟಿದ್ದರು. ಮಗಳು ನೀಲವ್ವನಿಗೆ ಆಗ ಹನ್ನೆರಡು ವರ್ಷ. ಅವಳ ಕೈಯಿಂದ ಅವ್ವನ ಸೆರಗು ಬಿಡಿಸಲು ಇಬ್ಬರು ಬೇಕಾದರು. ಹುಲಿಗೆವ್ವ ಮಗಳ ತಲೆ ಸವರಿ, ಗಂಡನ ಕಡೆ ತಿರುಗಿ ಒಲೆಯ ಮೇಲೆ ಸಾರು ಇಟ್ಟಿದ್ದೇನೆ, ಉಕ್ಕೀತು, ಲಗೂನೆ ಹೋಗಿ ಅಂದಳು. ಬಾಗಿಲು ಮುಚ್ಚಿತು. ಸದ್ದೂ ಇಲ್ಲ, ಬೆಳಕೂ ಇಲ್ಲ. ಕಟ್ಟೆ ಬರಿದಾಗಿತ್ತು.

ಮರುವರ್ಷ ಹೊಸ್ತಿಲ ಹುಣ್ಣಿಮೆ ಬಂತು. ದುರಗಪ್ಪ ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಬುತ್ತಿ ಕಟ್ಟಿಕೊಂಡು ದಾಟುಗಟ್ಟೆಗೆ ಹೋದ. ಅವಳು ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಭೂಮಿ ಇವತ್ತು ಅವಳಿರುವ ಜಾಗದ ಮೇಲೆಯೇ ಹಾಯುತ್ತದಲ್ಲ, ಕಣ್ಣಿಗೆ ಕಾಣದಿದ್ದರೂ ಮಗ್ಗುಲಲ್ಲಿ ಕೂತಂತೆ ಆಗುತ್ತದಲ್ಲ ಎಂಬುದು ಅವನ ಎಣಿಕೆ. ಅವಳನ್ನು ಕಳಿಸಿದ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ. ಎರಡು ಪಾಲು ಮಾಡಿದ. ಕಾವಲಿನವರು ಸುಮ್ಮನೆ ಬಿಟ್ಟರು. ಮೆಹರುನ್ನೀಸಾ ಚಹಾಕ್ಕೆ ಹೊರಟವಳು ಕಂಡು ಹತ್ತಿರ ಬಂದಳು. ಸಂಗತಿ ಕೇಳಿ ಅವಳ ಮುಖ ಸಣ್ಣಗಾಯಿತು. ಮುಚ್ಚಿಡದೆ ಹೇಳಿದಳು.

“ಕಾಕಾ, ಇವತ್ತಲ್ಲರೀ. ತಿಥಿ ಹನ್ನೊಂದು ದಿನ ಮುಂಚೆ ಬಂದೈತಿ. ಸೂರ್ಯನ ಲೆಕ್ಕಕ್ಕ ವರ್ಷ ತುಂಬಾಕ ಇನ್ನಾ ಹನ್ನೊಂದು ದಿನ ಬೇಕು.”

“ಹಂಗಾದ್ರ ಇನ್ನ ಹನ್ನೊಂದು ದಿನ ಬಿಟ್ಟು ಬರ್ತೀನಿ ತಗೋರಿ.”

“ಬಂದ್ರೂ...” ಅವಳು ಅವನ ಎದುರಿಗೆ ಕೂತಳು. “ಈ ಕಟ್ಟಿ ಅಲ್ಲಿಗೆ ಹೋಗಂಗಿಲ್ಲ. ಭೂಮಿ ಆ ಜಾಗದ ಹತ್ರ ಹಾಯೂ ಹೊತ್ತಿಗೆ ನಮ್ಮ ಊರು ಬ್ಯಾರೆ ಕಡೆ ತಿರುಗಿರತೈತಿ. ಅಲ್ಲಿಗೆ ಯಾವುದೋ ಸಮುದ್ರ ಹೋಗಿ ನಿಂತಿರತೈತಿ. ನೀವು ಕುಂತ ಜಾಗ ಅಕೀ ಜಾಗ ಅಲ್ಲ ಕಾಕಾ.”

ದುರಗಪ್ಪ ಕಟ್ಟೆಯ ಕಲ್ಲನ್ನು ಅಂಗೈಯಿಂದ ಸವರಿದ. ಕಲ್ಲು ಬಿಸಿಯಾಗಿತ್ತು. ಇದೇ ಕಲ್ಲು, ಇದೇ ಹೊಲ, ಆ ಬೇವಿನ ಮರವೂ ಅದೇ.

“ನಮ್ಮಪ್ಪನ್ನ ಹೂಳಿದ ಜಾಗನೂ ಇಲ್ಲಿಲ್ಲ ಅನ್ರಿ,” ಅಂದ.

ಯಾರದೂ ಇಲ್ಲ ಎಂದಳು ಅವಳು. ಯಾರೂ ಬಿಟ್ಟ ಜಾಗಕ್ಕೆ ತಿರುಗಿ ಬಂದಿಲ್ಲ. ಹೊತ್ತಾರೆ ಹೊಲಕ್ಕೆ ಹೋದವನು ಸಂಜೆ ಮನೆಗೆ ಬಂದರೂ ಆ ಮನೆ ಲಕ್ಷಗಟ್ಟಲೆ ಕಿಲೋಮೀಟರು ದೂರ ಬಂದಿರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ ಎಂದಳು. ಆಮೇಲೆ ಇಷ್ಟು ಹೇಳಬಾರದಿತ್ತೇನೋ ಎಂದು ಅವಳಿಗೇ ಅನ್ನಿಸಿರಬೇಕು, ಎರಡನೆಯ ಪಾಲಿನ ರೊಟ್ಟಿ ಮುರಿದು ತಾನೇ ತಿಂದಳು.

ಅವನು ಏಳುವ ಮೊದಲು ಒಂದು ಕೇಳಿದ. ಈಗ, ಈ ಹೊತ್ತಿನಲ್ಲಿ, ಅವಳು ಯಾವ ದಿಕ್ಕಿಗಿದ್ದಾಳೆ? ಮೆಹರುನ್ನೀಸಾ ಆಕಾಶ ನೋಡಿ, ಮನಸ್ಸಿನಲ್ಲೇ ಎಣಿಸಿ, ಒಂದು ಕಡೆ ಬೆರಳು ತೋರಿಸಿದಳು. ಬರೀ ನೀಲಿ ಆಕಾಶ. ಆವತ್ತಿನಿಂದ ದಿಕ್ಕು ತಿಳಿಯುವುದನ್ನು ಅವನು ಅವಳಿಂದ ಸ್ವಲ್ಪ ಸ್ವಲ್ಪವೇ ಕಲಿತ. ಹೊತ್ತು ಹುಟ್ಟುವಾಗ ನೆತ್ತಿಯ ಮೇಲಿರುವುದು ಭೂಮಿ ಹೋಗಬೇಕಾದ ದಾರಿ. ಹೊತ್ತು ಮುಳುಗುವಾಗ ನೆತ್ತಿಯ ಮೇಲಿರುವುದು ಭೂಮಿ ಬಂದ ದಾರಿ. ಹೊಸ್ತಿಲ ಹುಣ್ಣಿಮೆ ಕಳೆದ ಹೊಸದರಲ್ಲಿ ಸಂಜೆ ಹೊತ್ತು ನೆತ್ತಿಗೆ ನೋಡಿದರೆ ಅವಳ ಕಡೆಗೇ ನೋಡಿದಂತೆ. ದಿನ ಕಳೆದಂತೆಲ್ಲ ಆ ಜಾಗ ಪಡುವಣಕ್ಕೆ ಜಾರುತ್ತ ಜಾರುತ್ತ, ಆರು ತಿಂಗಳಿಗೆ, ಕಾರಹುಣ್ಣಿಮೆಯ ಹೊತ್ತಿಗೆ ಸೂರ್ಯನ ಬೆನ್ನಿಗೆ ಹೋಗಿಬಿಡುತ್ತದೆ. ಅದು ಅವಳು ಎಲ್ಲಕ್ಕಿಂತ ದೂರವಿರುವ ಕಾಲ. ಸೂರ್ಯನನ್ನು ನೋಡಲಾಗುವುದಿಲ್ಲ, ಅವಳ ದಿಕ್ಕನ್ನೂ ನೋಡಲಾಗುವುದಿಲ್ಲ. ಮುಂಗಾರಿನ ಬಿತ್ತನೆ ಮುಗಿದ ಮೇಲೆ ಭೂಮಿ ಮತ್ತೆ ಅವಳತ್ತ ತಿರುಗಿ ಓಡತೊಡಗುತ್ತದೆ. ಊರವರಿಗೆ ಮಳೆ, ಚಳಿ, ಬೇಸಿಗೆ ಎಂದು ವರ್ಷದಲ್ಲಿ ಮೂರು ಕಾಲ. ದುರಗಪ್ಪನಿಗೆ ಎರಡೇ, ದೂರ ಹೋಗುವ ಕಾಲ ಮತ್ತು ಹತ್ತಿರ ಬರುವ ಕಾಲ.

ಅವನು ನೆತ್ತಿ ನೋಡುತ್ತ ಹೊಳೆದಂಡೆಯಲ್ಲಿ ನಿಲ್ಲುವುದನ್ನು ಕಂಡು ಮಂದಿ ಮೊದಮೊದಲು ಮರುಗಿದರು, ಆಮೇಲೆ ನಕ್ಕರು. ಅವನ ಅತ್ತಿಗೆ, ಇನ್ನೊಬ್ಬಳಿಗೆ ಸೀರೆ ಉಡಿಸಿ ಉಡಿಕೆ ಮಾಡಿಕೊಳ್ಳೆಂದು ಎರಡು ಸಲ ಹೆಣ್ಣು ನೋಡಿ ಬಂದಳು. ಹೆಂಡತಿ ಸತ್ತವನಿಗೆ ಉಡಿಕೆಯುಂಟು, ಹೆಂಡತಿ ಬಿಟ್ಟುಹೋದವನಿಗೆ ಉಡಿಕೆಯುಂಟು, ನನ್ನದು ಎರಡೂ ಅಲ್ಲ, ಯಾವ ಸೀರೆ ತರುತ್ತೀ ಅತ್ತಿಗೆ ಎಂದು ಅವನು ಕೇಳಿದ. ಅವಳು ಬೈದು ಹೋದಳು. ಮಗಳಿಗೆ ಜಡೆ ಹಾಕುವುದು ಕಲಿತ. ದೊಡ್ಡವಳಾದಾಗ ನೆರೆಯ ಹೆಂಗಸರ ಕಾಲು ಹಿಡಿದು ಆರತಿ ಮಾಡಿಸಿದ. ಮನೆಯಲ್ಲಿ ಮಾತು ಕಡಿಮೆಯಾಯಿತು.

ಐದನೆಯ ವರ್ಷಕ್ಕೆ ಔಷಧ ಬಂತು.

ಡಾಕ್ಟರು ಹತ್ತು ಹದಿನೈದು ಅಂದದ್ದು ಐದಕ್ಕೇ ಬಂತು. ಹುಲಿಗೆವ್ವನ ಜೊತೆ ಅದೇ ಕಾರ್ಖಾನೆಯಲ್ಲಿ ಕಲ್ಲು ತಿಕ್ಕುತ್ತಿದ್ದ ಬಾಳವ್ವ ಹಾಸಿಗೆ ಹಿಡಿದಿದ್ದವಳು, ಮೂರು ತಿಂಗಳು ಸೂಜಿ ಹಾಕಿಸಿಕೊಂಡು ಎದ್ದು ಕೂತಳು. ಇನ್ನೊಂದು ತಿಂಗಳಿಗೆ ಕೊಡ ಹೊತ್ತು ಅವನ ಮನೆಯ ಮುಂದೆಯೇ ಹೊಳೆಗೆ ಹೋದಳು. ಎದುರಾದಾಗ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು. ದುರಗಪ್ಪ ದಾಟುಗಟ್ಟೆಗೆ ಓಡಿದ. ಔಷಧ ಸಿಕ್ಕಿತಲ್ಲ, ಅವಳನ್ನು ಕರೆಸಿರಿ ಎಂದ. ಮೆಹರುನ್ನೀಸಾಗೆ ಹೇಳಲು ಇದ್ದದ್ದು ಒಂದೇ ಮಾತು. ಎಲ್ಲಿಗೆ ಕರೆಸಲಿ? ಬಾಗಿಲು ತೆಗೆದರೆ ಹೊರಗೆ ನೆಲವಿಲ್ಲ, ಗಾಳಿಯಿಲ್ಲ. ಅಲ್ಲಿಗೆ ಹೋಗಿ ಎತ್ತಿಕೊಂಡು ಬರುವ ದೋಣಿಯನ್ನು ಯಾರೂ ಕಟ್ಟಿಲ್ಲ.

ಆದರೆ ಅವಳು ಕೈಕಟ್ಟಿ ಕೂರಲಿಲ್ಲ. ಮೂರು ವರ್ಷ ಏನೇನೋ ಪ್ರಯೋಗ ಮಾಡಿದಳು. ಎಂಟನೆಯ ವರ್ಷದ ಬೇಸಿಗೆಯಲ್ಲಿ ಅಪ್ಪಮಗಳಿಬ್ಬರನ್ನೂ ಯಂತ್ರದ ಕೋಣೆಗೆ ಕರೆಸಿದಳು. ಗೋಡೆಯ ತುಂಬ ಪರದೆಗಳು, ತಣ್ಣನೆಯ ಗಾಳಿ. ನೀಲವ್ವನಿಗೆ ಇಪ್ಪತ್ತಾಗಿತ್ತು, ಹೊಸಪೇಟೆಯ ಕಡೆಯಿಂದ ಸಂಬಂಧ ಬಂದಿತ್ತು. ಮೆಹರುನ್ನೀಸಾ ನಿಧಾನವಾಗಿ ಹೇಳಿದಳು. ಎಂಟು ವರ್ಷ ತುಂಬುವ ದಿನ ಭೂಮಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುತ್ತದೆ. ಚಂದ್ರನೂ ಹೆಚ್ಚುಕಡಿಮೆ ಕೂಡುತ್ತಾನೆ, ಹುಣ್ಣಿಮೆಗೆ ಒಂದೂವರೆ ದಿನ ಕಡಿಮೆ. ಆ ಒಂದೂವರೆ ದಿನದ ಕೊರತೆಗೆ ಭೂಮಿ ಸಾವಿರ ಕಿಲೋಮೀಟರಿಗೂ ಮಿಕ್ಕಿ ಆಚೆ ವಾಲಿರುತ್ತದೆ. ಈಗ ಈ ದಡದಿಂದ ತೊಟ್ಟಿಲನ್ನು ಅಷ್ಟು ದೂರ ಎಳೆಯಬಹುದು, ಅದಕ್ಕೆ ಯಂತ್ರ ಮಾಡಿದ್ದೇವೆ. ಕುರಿಗಳನ್ನು ಎಳೆದು ನೋಡಿದೆವು. ಹತ್ತರಲ್ಲಿ ಏಳು ಬಂದವು.

ಉಳಿದ ಮೂರು ಎಲ್ಲಿ ಹೋದವು ಎಂದು ದುರಗಪ್ಪ ಕೇಳಿದ. ಒಂದು ಆಕಾಶದಲ್ಲೇ ಉಳಿಯಿತು, ಎರಡು ನೆಲದೊಳಗೆ ಎಂದಳು. ಒಪ್ಪುವುದು ಬಿಡುವುದು ಮನೆಯವರ ಕೈಯಲ್ಲಿದೆ, ಒಪ್ಪಿದರೆ ಪಡುವಣ ಸಮುದ್ರಕ್ಕೆ ಹಡಗು ಕಳಿಸುತ್ತೇವೆ, ಒಪ್ಪದಿದ್ದರೆ ಹತ್ತೊಂಬತ್ತಕ್ಕೆ ಹೇಗೂ ಸರಿಯಾಗಿಯೇ ಬರುತ್ತಾಳೆ ಎಂದಳು.

ಮನೆಗೆ ಬರುವ ದಾರಿಯಲ್ಲಿ ಹೊಳೆದಂಡೆಗೆ ಬಂದಾಗ ನೀಲವ್ವ ನಿಂತಳು.

“ಹತ್ತರಾಗ ಏಳು ಅಂದ್ರ ಕಡಿಮಿ ಏನಪ್ಪಾ? ಇದಕ್ಕಿಂತ ಕೆಟ್ಟ ಪ್ರವಾಹದಾಗ ನೀ ಮಂದೀನ್ನ ದಾಟಿಸಿಲ್ಲೇನು?”

“ದಾಟಿಸೀನಿ. ಹರಗೋಲದಾಗ ನಾನೂ ಇರ್ತಿದ್ದೆ.”

“ಹಂಗಂತ ಇನ್ನ ಹನ್ನೊಂದು ವರ್ಷ ಮ್ಯಾಲೆ ನೋಡ್ಕೋತ ನಿಂದರತೀಯೇನು?”

ಅವನು ದಡದ ಮೇಲೆ ಕೂತ. ಬಹಳ ದಿನದಿಂದ ತನ್ನೊಳಗೆ ತಾನೇ ಆಡಿಕೊಂಡ ಮಾತಾದ್ದರಿಂದ ತಡವರಿಸಲಿಲ್ಲ. “ಅಕಿಗೆ ಎಂಟೂ ಒಂದ, ಹತ್ತೊಂಬತ್ತೂ ಒಂದ. ಅಲ್ಲಿ ಹೊತ್ತ ಇಲ್ಲ. ದಾರಿ ಕಾಯೂ ತ್ರಾಸು ನಮ್ದು. ನಮ್ಮ ತ್ರಾಸು ಹಗುರ ಮಾಡ್ಕೊಳ್ಳಾಕ ಅಕೀ ಜೀವ ಯಾಕ ಒಡ್ಡೂದು?”

ನೀಲವ್ವ ಅವನತ್ತ ತಿರುಗಿದಳು. ದನಿ ಏರಿಸಲಿಲ್ಲ.

“ಅಕಿಗೆ ಒಂದ ಅಂತೀ. ಹತ್ತೊಂಬತ್ತಕ್ಕ ಅಕಿ ಬಂದಾಗ ಅಕೀ ವಯಸ್ಸು ನನಗ ಆಗಿರತೈತಿ. ನನ್ನ ಮದುವಿಗೆ ಇಲ್ಲ, ಬಾಣಂತನಕ್ಕ ಇಲ್ಲ. ನಿನ್ನ ಹೆಂಡತಿ ಬರ್ತಾಳಪ್ಪಾ. ನಮ್ಮವ್ವ ಬರಂಗಿಲ್ಲ.”

ಮಗಳು ಹೇಳಿದ್ದು ನಿಜವೆಂದು ಅವನಿಗೆ ಗೊತ್ತಿತ್ತು. ಎಷ್ಟೋ ದಿನ ಬಲೆ ಬೀಸುವಾಗ, ರೊಟ್ಟಿ ತಟ್ಟುವಾಗ ಆ ಮಾತನ್ನೇ ತಿರುವಿ ತಿರುವಿ ನೋಡಿದ. ಏಳನ್ನು ಒಂದು ಕಡೆ ಇಟ್ಟ, ಮೂರನ್ನು ಒಂದು ಕಡೆ ಇಟ್ಟ. ಏಳು ಯಾವಾಗಲೂ ದೊಡ್ಡದಾಗಿಯೇ ಇತ್ತು. ಆದರೆ ಕಲ್ಲಿನ ಧೂಳಿಗೆ ಹೆದರಿ ಓಡಿದವಳು ಕಡೆಗೆ ಕಲ್ಲಿನೊಳಗೇ ಹೋಗಿ ಸೇರುವುದು ಕಣ್ಣಿಗೆ ಕಟ್ಟಿದಾಗಲೆಲ್ಲ ಅವನ ಕೈ ನಿಂತುಬಿಡುತ್ತಿತ್ತು. ಎಳೆಯುವುದು ಬೇಡವೆಂದು ಮೆಹರುನ್ನೀಸಾಗೆ ಹೇಳಿ ಬಂದ.

ಎಂಟು ವರ್ಷ ತುಂಬಿದ ದಿನ ಅವಳು ಅವನನ್ನು ಯಂತ್ರದ ಕೋಣೆಗೆ ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಪರದೆಯ ಮೇಲೆ ಅವಳ ಜಾಗದ ಒಂದು ಸಣ್ಣ ಚುಕ್ಕೆ, ಅದರತ್ತ ಬರುವ ಭೂಮಿಯ ಗುಂಡು, ಕೆಳಗೆ ಇಳಿಯುತ್ತಿರುವ ಅಂಕಿ. ಅವನಿಗೆ ಅಂಕಿ ಓದಲು ಬರುತ್ತಿತ್ತು, ಇಷ್ಟು ಉದ್ದದ್ದು ಬರುತ್ತಿರಲಿಲ್ಲ. ಆದರೆ ಉದ್ದ ಕಡಿಮೆಯಾಗುತ್ತಿರುವುದು ಕಾಣುತ್ತಿತ್ತು. ಅವಳು ಎಳೆಯುವ ಗುಂಡಿಯಿಂದ ಕೈ ದೂರವಿಟ್ಟು ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ಬಾಯಾರ, ಈಗ ಎಷ್ಟು ದೂರ?” ಎಂದು ಅವಳನ್ನು ಕೇಳಿದ.

“ಈಗ ನಮ್ಮೂರಿಂದ ದಿಲ್ಲಿಯಷ್ಟು.”

ಎಂಟು ವರ್ಷದಲ್ಲಿ ಹುಲಿಗೆವ್ವ ಇಷ್ಟು ಹತ್ತಿರ ಬಂದದ್ದೇ ಇಲ್ಲ. ರೈಲು ಹತ್ತಿದರೆ ಎರಡು ದಿನದಲ್ಲಿ ಹೋಗಿ ಸೇರುವಷ್ಟು. ಬೇಕಾದರೆ ಈಗಲೂ ದುರಗಪ್ಪ ಒಂದು ಮಾತು ಆಡಬಹುದಿತ್ತು. ಬಾಯಿ ತೆಗೆದರೆ ಎಲ್ಲಿ ಆಡಿಬಿಡುತ್ತೇನೋ ಎಂದು ಹೆಗಲ ಮೇಲಿನ ಟವೆಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ. ಅಂಕಿ ಇನ್ನೂ ಸ್ವಲ್ಪ ಇಳಿಯಿತು, ಒಂದು ಗಳಿಗೆ ನಿಂತಂತಾಯಿತು, ಆಮೇಲೆ ಮತ್ತೆ ಏರತೊಡಗಿತು. ಏರಿದ್ದು ಏರಿದ್ದೇ. ಗುಂಡು ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಿ ಮಾಯವಾದ ಮೇಲೂ ಅವನು ಟವೆಲು ಬಿಟ್ಟಿರಲಿಲ್ಲ. ಮೆಹರುನ್ನೀಸಾ ಮೆಲ್ಲಗೆ ಬಿಡಿಸಿದಳು.

ನೀಲವ್ವನ ಮದುವೆ ಆ ವರ್ಷವೇ ಆಯಿತು. ಅವ್ವ ನಿಲ್ಲಬೇಕಾದಲ್ಲಿ ದೊಡ್ಡವ್ವ ನಿಂತಳು. ಮಗಳು ಅಪ್ಪನ ಕಾಲಿಗೆ ಎರಗಿದಳು. ಹೊಸಪೇಟೆಗೆ ಹೋದವಳು ಹಬ್ಬಕ್ಕೆ ಬರುತ್ತಿದ್ದಳು, ಗಂಡನ ಜೊತೆ ಬಂದು ಗಂಡನ ಜೊತೆ ಹೋಗುತ್ತಿದ್ದಳು. ಮೊಮ್ಮಗಳು ಹುಟ್ಟಿದಾಗ ಹೆಸರು ಏನಿಡೋಣವೆಂದು ದುರಗಪ್ಪ ಕೇಳಿದ. ಹುಲಿಗೆವ್ವ ಎಂದು ಇಡುವ ಆಸೆ ಅವನಿಗೆ. ಸತ್ತವರ ಹೆಸರು ಇಡುತ್ತಾರೆ, ಇವಳು ಸತ್ತಿಲ್ಲವಲ್ಲ ಎಂದು ನೀಲವ್ವ ಬೇರೆ ಹೆಸರಿಟ್ಟಳು.

ಆಮೇಲಿನ ವರ್ಷಗಳನ್ನು ಏನೆಂದು ಹೇಳುವುದು. ಭೂಮಿ ದೂರ ಹೋಯಿತು, ಹತ್ತಿರ ಬಂತು. ಅವನು ಸಂಜೆಗೆ ಹೊಳೆದಂಡೆಯಲ್ಲಿ ನಿಲ್ಲುವುದನ್ನು ಬಿಡಲಿಲ್ಲ. ಮೊದಲು ಅವಳ ಮುಖ ನೆನಪಿಗೆ ಬರುತ್ತಿತ್ತು, ಆಮೇಲೆ ದನಿ ಬರುತ್ತಿತ್ತು, ಆಮೇಲೆ ದಿಕ್ಕು ಮಾತ್ರ ಉಳಿಯಿತು. ತಲೆಗೂದಲು ಉದುರಿತು. ಮುಂದಿನ ಹಲ್ಲೆರಡು ಹೋದವು. ಬಲೆ ಎಳೆಯುವಾಗ ಸೊಂಟ ಹಿಡಿದು ಒಮ್ಮೆ ಬಾಗಿದವನು ಮತ್ತೆ ಪೂರ್ತಿ ನೆಟ್ಟಗಾಗಲಿಲ್ಲ. ಅವಳ ಸೀರೆಗಳನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಚಿಡುವಾಗ, ಇಷ್ಟು ಚಿಕ್ಕ ಕುಪ್ಪಸ ಯಾರದ್ದು ಎಂದು ಒಮ್ಮೆ ಅವನಿಗೇ ಅನ್ನಿಸಿ ಬೆಚ್ಚಿದ. ಅದು ಅವಳದ್ದೇ. ಅವನ ಮನಸ್ಸಿನಲ್ಲಿ ಅವಳೂ ಅವನ ಜೊತೆಗೇ ಮುದುಕಿಯಾಗಿದ್ದಳು.

ಹತ್ತೊಂಬತ್ತನೆಯ ವರ್ಷದ ಹೊಸ್ತಿಲ ಹುಣ್ಣಿಮೆ ಹತ್ತಿರ ಬಂತು. ಈ ಸಲ ತಿಥಿಯೂ ತಾರೀಖೂ ಒಂದೇ ದಿನ ಬಿದ್ದಿದ್ದವು. ಭೂಮಿಯ ಯಾವ ಮುಖ ಅತ್ತ ತಿರುಗಿರುತ್ತದೆಂದು ಮೆಹರುನ್ನೀಸಾ ಎಂದೋ ಎಣಿಸಿಟ್ಟಿದ್ದಳು. ಮೂಡಣದ ದೂರದ ಕಡಲು, ಫಿಲಿಪೈನ್ಸ್ ಎಂಬ ದೇಶದ ಆಚೆ. ಅಲ್ಲಿಗೆ ಹಡಗು ಗೊತ್ತುಮಾಡಿ ದುರಗಪ್ಪನನ್ನೂ ಕರೆದುಕೊಂಡಳು. ಅವಳ ಕೂದಲೂ ಈಗ ಅರ್ಧ ಬೆಳ್ಳಗಾಗಿತ್ತು. ರೈಲು ನಿಲ್ದಾಣಕ್ಕೆ ನೀಲವ್ವ ಮಗಳನ್ನು ಕರೆದುಕೊಂಡು ಬಂದಳು. ನೀನೂ ಬಾರವ್ವ ಎಂದು ಅಪ್ಪ ಕರೆದ. ಅವಳು ತಲೆಯಾಡಿಸಿದಳು.

“ಏನಂತ ಕರೀಲಿ ಅಂತ ಇನ್ನಾ ತಿಳಿವಲ್ದಪ್ಪಾ. ಮೊದಲ ನೀ ಹೋಗು.”

ಹಡಗು ಹತ್ತಿದ ಮೊದಲ ಎರಡು ದಿನ ಅವನು ಏನೂ ತಿನ್ನಲಿಲ್ಲ. ಹುಟ್ಟಿದಾರಭ್ಯ ನೀರಿನ ಮೇಲೆ ಬದುಕಿದವನಿಗೆ ದಡ ಕಾಣದ ನೀರು ಕಂಡು ತಲೆ ತಿರುಗಿತು. ಹುಣ್ಣಿಮೆಯ ದಿನ ಬೆಳಿಗ್ಗೆ ಎದ್ದು ಮುಖ ಕ್ಷೌರ ಮಾಡಿಸಿಕೊಂಡ, ತಂದಿದ್ದ ಬಿಳಿ ಅಂಗಿ ಹಾಕಿಕೊಂಡ. ಹಡಗಿನವರು ಅದರ ಮೇಲೆ ಕಿತ್ತಳೆ ಬಣ್ಣದ ತೇಲುವ ಕವಚ ತೊಡಿಸಿ ಹುರಿ ಬಿಗಿದರು.

ಹೇಳಿದ ಹೊತ್ತಿಗೆ ಆಕಾಶದಲ್ಲಿ ಒಂದು ಹೂವು ಅರಳಿದಂತೆ ಗಾಳಿಕೊಡೆ ಬಿಚ್ಚಿತು.

ಮೆಹರುನ್ನೀಸಾ ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಳು. ತೊಟ್ಟಿಲು ಮೆಲ್ಲಗೆ ಇಳಿದು ನೀರಿನ ಮೇಲೆ ಕೂತಿತು. ಸಣ್ಣ ದೋಣಿಯಲ್ಲಿ ಹೋಗಿ ಅದನ್ನು ಹಗ್ಗಕ್ಕೆ ಕಟ್ಟಿ ಹಡಗಿನ ಅಟ್ಟಕ್ಕೆ ಎತ್ತಿದರು. ದುರಗಪ್ಪನನ್ನು ಮುಂದೆ ಬಿಟ್ಟರು. ಬಾಗಿಲಿನ ತಿರುಪನ್ನು ಹಡಗಿನವನೊಬ್ಬ ಬಿಚ್ಚಿಕೊಟ್ಟ.

ಒಳಗೆ ಹುಲಿಗೆವ್ವ ಕೂತಿದ್ದಳು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಇನ್ನೂ ಹಸಿಯಾಗಿತ್ತು. ಹಣೆಯ ಕುಂಕುಮ ಬೆವರಿಗೆ ಅಂಚಿನಲ್ಲಿ ಕದಡಿತ್ತು. ಅತ್ತು ಅತ್ತು ಮಗಳು ಹಿಡಿದೆಳೆದ ಸೆರಗಿನ ಸುಕ್ಕು ಹಾಗೆಯೇ ಇತ್ತು. ದಾಟಿದ ಬೆಳಗಿನ ಬಿಸಿಲು ಯಾವ ಕೆನ್ನೆಗೆ ಬಿದ್ದಿತ್ತೋ ಅದೇ ಕೆನ್ನೆಗೆ, ಅದೇ ಓರೆಯಲ್ಲಿ ಈ ಬಿಸಿಲೂ ಬಿತ್ತು. ಎಷ್ಟು ಚಿಕ್ಕವಳು. ನೀಲವ್ವನಿಗಿಂತ ಚಿಕ್ಕವಳ ಹಾಗೆ ಕಂಡಳು. ದುರಗಪ್ಪ ಬಾಗಿಲಿನ ಅಂಚು ಹಿಡಿದು ಒಳಗೆ ಬಾಗಿದ.

ಅವಳು ಕೆಮ್ಮಿದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಬಾಗಿಲಿನತ್ತ ನೋಡಿದಳು. ಹತ್ತೊಂಬತ್ತು ವರ್ಷ ಕಳೆದಿರುತ್ತದೆಂದು ಅವಳ ಬುದ್ಧಿಗೆ ಗೊತ್ತಿತ್ತು. ಕಣ್ಣಿಗೆ ಇನ್ನೂ ಗೊತ್ತಾಗಿರಲಿಲ್ಲ. ಈಗ ತಾನೇ ಬಾಗಿಲು ಮುಚ್ಚಿದವನನ್ನು ಅವು ಹುಡುಕುತ್ತಿದ್ದವು. ಎದುರಿಗೆ ಬಾಗಿ ನಿಂತ ಬೋಳುತಲೆಯ ಮುದುಕನನ್ನು ಕಂಡು, ಹಿರಿಯರೆಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಯಜ್ಜಾ, ಸ್ವಲ್ಪ ಸರೀತೀರೇನು? ನಮ್ಮನಿಯವ್ರು ಹಿಂದ ನಿಂತಾರೇನು ನೋಡ್ತೀನಿ.”

ಮೆಹರುನ್ನೀಸಾ ಏನೋ ಹೇಳಲು ಮುಂದೆ ಬಂದಳು. ದುರಗಪ್ಪ ಬೇಡವೆಂದು ಕೈ ಮಾಡಿದ.

“ಹಿಂದ ಅದಾನವ್ವ,” ಅಂದ. “ಬರ್ತಾನ.”

ಅವಳಿಗೆ ಕಾಣಲೆಂದು ಪಕ್ಕಕ್ಕೆ ಸರಿದು ನಿಂತ. ಅವನ ಹಿಂದೆ ಸಮುದ್ರವಿತ್ತು.